ಕಟ್ಟೆ ನೀರಿನ ಲೆಕ್ಕ ದಿನಾ ಸಿಗುತ್ತದೆ, ಮೀನಿನ ಲೆಕ್ಕ ಎಲ್ಲಿದೆ?

ಕಳೆದ ಮಳೆಗಾಲದಲ್ಲಿ ನಮ್ಮೂರ ಕೆರೆ ಕೋಡಿ ಬಿತ್ತು. ಊರಿಗೆ ಊರೇ ಹೋಗಿ ಬಾಗಿನ ಬಿಟ್ಟು ಬಂದೆವು. ಅದಾಗಿ ತಿಂಗಳೊಪ್ಪತ್ತಿನಲ್ಲಿ ಏರಿಯ ಮೇಲೆ ಒಂದು ಶೀಟಿನ ಗುಡಿಸಲು ಎದ್ದಿತು. ಕಾವಲಿಗೆ ಇಬ್ಬರು ಬಂದರು. ಭಾನುವಾರ ಗಾಳ ಹಿಡಿದು ಹೋದ ಹುಡುಗರನ್ನು ‘ಕೆರೆ ಹರಾಜಾಗೈತೆ, ಎದ್ದೋಗ್ರೋ’ ಎಂದು ಕಳಿಸಿಬಿಟ್ಟರು.

‘ಯಾರ್ಗಾಯ್ತಣ್ಣ ಕೆರೆ?’ ಎಂದು ಟೀ ಅಂಗಡಿಯಲ್ಲಿ ಕೇಳಿದೆ.

‘ಅದ್ಯಾರೋ ಹೊರಗಿನೋರು ತಗಂಡವ್ರಂತೆ ಕಣಪ್ಪ.’

ಎಷ್ಟಕ್ಕೆ? ಎಷ್ಟು ವರ್ಷಕ್ಕೆ? ಹರಾಜಿನ ನೋಟಿಸು ಯಾವಾಗ ಅಂಟಿಸಿದ್ದರು? ಬೆಂಚಿನ ಮೇಲೆ ಕೂತಿದ್ದ ಆರೇಳು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ವಿಶೇಷವೆಂದರೆ, ಅದೇ ಬೆಂಚಿನ ಮೇಲೆ ಅಂದಿನ ಪೇಪರು ಬಿದ್ದಿತ್ತು. ಕೆಆರ್‌ಎಸ್‌ನ ಇಂದಿನ ಮಟ್ಟ ಎಷ್ಟು, ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು ಅಂತ ಕೇಳಿದ್ದರೆ ಪೇಪರು ನೋಡದೆಯೇ ಅಷ್ಟೂ ಜನ ಹೇಳುತ್ತಿದ್ದರು. ಗರಿಷ್ಠ ಮಟ್ಟ 124.80 ಅಡಿ ಎನ್ನುವುದು ಮಂಡ್ಯದ ಮಕ್ಕಳಿಗೂ ಬಾಯಿಪಾಠ.

ನೀರಿನ ಲೆಕ್ಕ ಹೀಗೆ ಬಾಯಿಪಾಠವಾಗಿದೆ, ಅದೇ ನೀರಿನೊಳಗಿನ ಮೀನಿನ ಲೆಕ್ಕ ಯಾರಿಗೂ ಗೊತ್ತಿಲ್ಲ. ಈ ಎರಡರ ನಡುವೆ ಇರುವ ಅಂತರಕ್ಕೆ ಜಗತ್ತಿನ ಕರಾವಳಿ ದೇಶಗಳಲ್ಲಿ ಒಂದು ಹೆಸರಿದೆ: ಮೀನುಗಾರಿಕೆ ಆಡಳಿತದಲ್ಲಿ ಪಾರದರ್ಶಕತೆಯ ಕೊರತೆ. ಕೇಳಲು ಭಾರವಾದ ಮಾತು. ಆದರೆ ಕಾವೇರಿ ಬಯಲಿನವರಿಗೆ ಇದು ಅರ್ಥವಾಗದ ವಿಷಯವೇನಲ್ಲ.

ಮೀನು ಯಾರದ್ದು?

ಗದ್ದೆಯಲ್ಲಿ ಬೆಳೆದ ಭತ್ತ ಗದ್ದೆಯವನದು. ಅದರಲ್ಲಿ ತಕರಾರಿಲ್ಲ. ಕೆರೆ, ನದಿ, ಸಮುದ್ರದ ಮೀನು ಹಾಗಲ್ಲ. ಬಲೆಗೆ ಬೀಳುವವರೆಗೆ ಅದು ಎಲ್ಲರದು. ಸರ್ಕಾರ ಅದರ ಒಡೆಯನಲ್ಲ, ಎಲ್ಲರ ಪರವಾಗಿ ನೋಡಿಕೊಳ್ಳುವ ಮನೆಯ ಹಿರಿಯನ ಹಾಗೆ. ಒಟ್ಟು ಕುಟುಂಬದ ಆಸ್ತಿಯನ್ನು ಹಿರಿಯಣ್ಣ ನೋಡಿಕೊಳ್ಳುತ್ತಿದ್ದಾನೆ ಎಂದುಕೊಳ್ಳಿ. ತೆಂಗಿನಕಾಯಿ ಎಷ್ಟು ಇಳಿಯಿತು, ಯಾರಿಗೆ ಮಾರಿದ, ದುಡ್ಡು ಎಲ್ಲಿಗೆ ಹೋಯಿತು ಅಂತ ಅವನು ತಮ್ಮಂದಿರಿಗೆ ಹೇಳದಿದ್ದರೆ, ಅವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಮನೆಯಲ್ಲಿ ಅನುಮಾನ ಹುಟ್ಟುತ್ತದೆ. ಪ್ರಾಮಾಣಿಕನಲ್ಲದಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಯಾರು ಹಿಡಿಯಬಹುದು, ಎಷ್ಟು, ಯಾವ ಬಲೆಯಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಹಣ ಕಟ್ಟಿ ಎಂದು ನಿರ್ಧರಿಸುವುದು, ಹಾಗೆ ನಡೆಯುತ್ತಿದೆಯೇ ಎಂದು ನೋಡುವುದು, ಇಷ್ಟನ್ನೂ ಸೇರಿಸಿ ‘ಮೀನುಗಾರಿಕೆ ಆಡಳಿತ’ ಎನ್ನುತ್ತಾರೆ. ಆ ನಿರ್ಧಾರಗಳು ಮತ್ತು ಅವುಗಳ ಹಿಂದಿನ ಲೆಕ್ಕ ಯಾರು ಬೇಕಾದರೂ ನೋಡುವ ಹಾಗೆ ಹೊರಗಿದ್ದರೆ ಅದು ಪಾರದರ್ಶಕತೆ. ‘ಕೇಳಿದರೆ ಕೊಡುತ್ತೇವೆ’ ಎನ್ನುವುದು ಅರ್ಧ ಪಾರದರ್ಶಕತೆ. ಕೆಆರ್‌ಎಸ್ ಮಟ್ಟವನ್ನು ನಾವು ಯಾರೂ ಅರ್ಜಿ ಹಾಕಿ ತಿಳಿದುಕೊಳ್ಳುವುದಿಲ್ಲ, ಬೆಳಗಾದರೆ ಅದು ತಾನಾಗಿ ಬಂದಿರುತ್ತದೆ.

ಒಳಹರಿವು, ಹೊರಹರಿವು, ಮಟ್ಟ

ಮೀನಿನ ವಿಜ್ಞಾನದ ದೊಡ್ಡ ಭಾಗವನ್ನು ಈ ಮೂರು ಮಾತುಗಳಿಂದಲೇ ಹೇಳಬಹುದು.

ನೀರಲ್ಲಿ ಈಗ ಎಷ್ಟು ಮೀನಿದೆಯೋ ಅದು ‘ಮಟ್ಟ’. ಪ್ರತಿ ವರ್ಷ ಮೊಟ್ಟೆಯೊಡೆದು ಬಂದು ಬಲಿಯುವ ಮರಿಗಳು ‘ಒಳಹರಿವು’. ನಾವು ಹಿಡಿಯುವುದು, ತಾನಾಗಿ ಸಾಯುವುದು ‘ಹೊರಹರಿವು’. ಒಳಹರಿವಿಗಿಂತ ಹೊರಹರಿವು ಹೆಚ್ಚಾದರೆ ಕಟ್ಟೆಯಲ್ಲಿ ಏನಾಗುತ್ತದೋ ಮೀನಿನ ವಿಷಯದಲ್ಲೂ ಅದೇ ಆಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನ ಪ್ರಕಾರ, ಲೆಕ್ಕಕ್ಕೆ ಸಿಕ್ಕಿರುವ ಸಮುದ್ರ ಮೀನಿನ ಗುಂಪುಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚಿನವನ್ನು ತಾಳಿಕೊಳ್ಳುವ ಮಿತಿ ಮೀರಿ ಹಿಡಿಯಲಾಗುತ್ತಿದೆ.

ಕಟ್ಟೆಗೂ ಸಮುದ್ರಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕಟ್ಟೆ ಖಾಲಿಯಾಗುವುದು ಕಣ್ಣಿಗೆ ಕಾಣುತ್ತದೆ. ಬೇಸಿಗೆಯಲ್ಲಿ ನೀರಿಳಿದು ಹಿನ್ನೀರಿನ ನೆಲ ಬಿರಿದಾಗ ಫೋಟೊ ಬರುತ್ತದೆ, ಗಲಾಟೆಯಾಗುತ್ತದೆ. ಮೀನು ಖಾಲಿಯಾದರೆ ನೀರಿನ ಮೇಲ್ಮೈ ಹಾಗೆಯೇ ಹೊಳೆಯುತ್ತಿರುತ್ತದೆ. ಅದಕ್ಕಾಗಿಯೇ ಇಲ್ಲಿ ಕಾಗದಕ್ಕೆ ಇಷ್ಟು ಬೆಲೆ. ಎಷ್ಟು ದೋಣಿಗೆ ಅನುಮತಿ ಕೊಟ್ಟರು, ಎಷ್ಟು ಮೀನು ದಡಕ್ಕೆ ಬಂತು ಎಂಬ ಕಾಗದ ಬಿಟ್ಟರೆ ಸಾಮಾನ್ಯ ಜನರಿಗೆ ನೀರೊಳಗೆ ಇಣುಕಲು ಬೇರೆ ಕಿಟಕಿಯಿಲ್ಲ.

ಸಮುದ್ರದಲ್ಲಿ ‘ಹೆಚ್ಚುವರಿ’ ಎಂಬ ಮಾತು

ಕರಾವಳಿ ದೇಶವೊಂದಕ್ಕೆ ದಡದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್ ದೂರದವರೆಗಿನ ಮೀನಿನ ಮೇಲೆ ಹಕ್ಕಿದೆ. ಇದನ್ನು ವಿಶೇಷ ಆರ್ಥಿಕ ವಲಯ ಎನ್ನುತ್ತಾರೆ. ಭಾರತದ ಈ ವಲಯ 20 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು, ಕರ್ನಾಟಕದಂಥ ಹತ್ತು ರಾಜ್ಯ ಹಿಡಿಸುವಷ್ಟು.

1982ರ ಸಮುದ್ರ ಕಾನೂನು ಒಪ್ಪಂದ ಈ ಹಕ್ಕಿನ ಜೊತೆಗೆ ಒಂದು ಹೊಣೆಯನ್ನೂ ಇಟ್ಟಿದೆ. ಎಷ್ಟು ಹಿಡಿದರೆ ಮೀನು ಉಳಿಯುತ್ತದೆ ಎಂದು ಆ ದೇಶವೇ ಮೊದಲು ಲೆಕ್ಕ ಹಾಕಬೇಕು. ಅದರಲ್ಲಿ ತನ್ನ ಜನ ಹಿಡಿಯಲಾಗದೆ ಉಳಿಯುವ ಭಾಗವಿದ್ದರೆ ಅದು ‘ಹೆಚ್ಚುವರಿ’. ಅದನ್ನು ಒಪ್ಪಂದ ಮಾಡಿಕೊಂಡು ಬೇರೆ ದೇಶದ ಹಡಗುಗಳಿಗೆ ಕೊಡಬಹುದು.

‘ಹೆಚ್ಚುವರಿ’ ಎಂದ ಕೂಡಲೇ ನಮ್ಮ ಕಿವಿ ನೆಟ್ಟಗಾಗುತ್ತದೆ, ಏಕೆಂದರೆ ಕಾವೇರಿಯಲ್ಲಿ ಈ ಪದದ ಮೇಲೆ ನಾವು ದಶಕಗಳ ಕಾಲ ಬಡಿದಾಡಿದ್ದೇವೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ವಾಡಿಕೆ ಮಳೆಯ ವರ್ಷದಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಹರಿಯಬೇಕು. ಹರಿಯಿತೋ ಇಲ್ಲವೋ ಎಂದು ಬಿಳಿಗುಂಡ್ಲುವಿನಲ್ಲಿ ಅಳೆಯುತ್ತಾರೆ. ತೀರ್ಪು ನಮಗೆ ಹಿಡಿಸಲಿ ಬಿಡಲಿ, ಅಳತೆಗೆ ಒಂದು ಜಾಗವಿದೆ, ಅಂಕಿ ಎರಡೂ ಕಡೆಯವರ ಕೈಯಲ್ಲಿದೆ. ಈಗ ಆ ಅಳತೆಯ ಜಾಗವೇ ಇಲ್ಲ ಎಂದು ಊಹಿಸಿಕೊಳ್ಳಿ. ಕಟ್ಟೆಯಲ್ಲಿ ಎಷ್ಟಿದೆ ಎಂದು ಯಾರಿಗೂ ಗೊತ್ತಿಲ್ಲ, ಎಷ್ಟು ಬಿಟ್ಟರು ಎಂದು ಯಾರೂ ಅಳೆದಿಲ್ಲ, ಒಪ್ಪಂದದ ಪತ್ರ ಇಬ್ಬರು ಅಧಿಕಾರಿಗಳ ಬೀರುವಿನಲ್ಲಿದೆ. ಪಶ್ಚಿಮ ಆಫ್ರಿಕಾದ ಹಲವು ದೇಶಗಳ ಸಣ್ಣ ಮೀನುಗಾರರು ಬಹಳ ವರ್ಷಗಳಿಂದ ಹೇಳುತ್ತಾ ಬಂದಿರುವ ದೂರು ಹೆಚ್ಚುಕಡಿಮೆ ಇದೇ: ನಮ್ಮ ಬಲೆ ಖಾಲಿ ಬರುತ್ತಿದೆ, ದೂರದಲ್ಲಿ ದೊಡ್ಡ ಹಡಗುಗಳ ದೀಪ ಕಾಣುತ್ತಿದೆ, ಅವರಿಗೆ ಯಾರು ಎಷ್ಟಕ್ಕೆ ಅನುಮತಿ ಕೊಟ್ಟರು ಎಂದು ಕೇಳಿದರೆ ಉತ್ತರವಿಲ್ಲ.

ಮುಚ್ಚಿಟ್ಟಲ್ಲಿ ನಡೆದದ್ದು

ಮೊಜಾಂಬಿಕ್ ಆಫ್ರಿಕಾದ ಪೂರ್ವ ಕರಾವಳಿಯ ದೇಶ. ನಮ್ಮ ಪಶ್ಚಿಮ ಕರಾವಳಿಯ ಹಾಗೆಯೇ ಹಿಂದೂ ಮಹಾಸಾಗರದ ನೀರನ್ನೇ ನೆಚ್ಚಿಕೊಂಡಿದೆ. 2013ರಲ್ಲಿ ಅಲ್ಲಿನ ಸರ್ಕಾರಿ ಕಂಪನಿಯೊಂದು ಟ್ಯೂನಾ ಮೀನು ಹಿಡಿಯುವ ಹಡಗುಪಡೆ ಕಟ್ಟುತ್ತೇವೆಂದು ವಿದೇಶಿ ಹೂಡಿಕೆದಾರರಿಂದ 85 ಕೋಟಿ ಡಾಲರ್ ಎತ್ತಿತು. ಅದಕ್ಕೆ ಜಾಮೀನು ಸರ್ಕಾರದ್ದು. ಸುಮಾರು ಅದೇ ಹೊತ್ತಿಗೆ ಇನ್ನೆರಡು ಕಂಪನಿಗಳ ಹೆಸರಿನಲ್ಲಿ ಪಡೆದ ದೊಡ್ಡ ಸಾಲಗಳನ್ನು ಸಂಸತ್ತಿಗೂ ಅಂತರರಾಷ್ಟ್ರೀಯ ಹಣಕಾಸು ನಿಧಿಗೂ ತಿಳಿಸಿರಲಿಲ್ಲ. ಮೂರೂ ಸೇರಿ ಸುಮಾರು 200 ಕೋಟಿ ಡಾಲರ್. 2016ರಲ್ಲಿ ಗುಟ್ಟು ಬಯಲಾದಾಗ ಹಣಕಾಸು ನಿಧಿ ನೆರವು ನಿಲ್ಲಿಸಿತು, ದೇಶದ ಹಣದ ಬೆಲೆ ಕುಸಿಯಿತು. ಸಾಲ ಎತ್ತಿದಾಗ ಹಣಕಾಸು ಮಂತ್ರಿಯಾಗಿದ್ದವರನ್ನು 2024ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ತಪ್ಪಿತಸ್ಥರೆಂದು ಹೇಳಿತು. ಮೀನಿನ ಹೆಸರಿನ ಸಾಲದ ಹೊರೆ ಹೊತ್ತವರಲ್ಲಿ ಸಮುದ್ರವನ್ನೇ ನೋಡದ ಒಳನಾಡಿನ ರೈತರೂ ಇದ್ದರು. ಮಂಡ್ಯದಲ್ಲಿ ಕೂತು ನಾವು ಇದನ್ನು ಓದಬೇಕಾದ ಕಾರಣವೂ ಅದೇ.

ಇನ್ನೊಂದು ನಮೀಬಿಯಾದ್ದು. ಅಲ್ಲಿ ಮೀನು ಹಿಡಿಯುವ ಪಾಲನ್ನು ‘ಕೋಟಾ’ ಎಂದು ಹಂಚುತ್ತಾರೆ, ಇಷ್ಟು ಟನ್ ನಿನಗೆ, ಇಷ್ಟು ಟನ್ ಅವನಿಗೆ ಎಂದು. 2019ರ ನವೆಂಬರ್‌ನಲ್ಲಿ ಐಸ್‌ಲ್ಯಾಂಡಿನ ದೊಡ್ಡ ಮೀನುಗಾರಿಕಾ ಕಂಪನಿಯೊಂದರ ಸಾವಿರಾರು ಕಡತಗಳು ವಿಕಿಲೀಕ್ಸ್ ಮೂಲಕ ಹೊರಬಂದವು. ಕೋಟಾ ಪಡೆಯಲು ಲಂಚ ಸಂದಾಯವಾಗಿದೆ ಎಂಬ ಆರೋಪ ಎದ್ದು, ಮೀನುಗಾರಿಕೆ ಮತ್ತು ಕಾನೂನು ಮಂತ್ರಿಗಳಿಬ್ಬರೂ ರಾಜೀನಾಮೆ ಕೊಟ್ಟರು, ಬಂಧನವೂ ಆಯಿತು. ಅವರು ಆರೋಪ ಒಪ್ಪಿಲ್ಲ. ನ್ಯಾಯಾಲಯದ ತೀರ್ಪು ಏನೇ ಆಗಲಿ, ಒಂದು ಮಾತು ಉಳಿಯುತ್ತದೆ. ಯಾರಿಗೆ ಎಷ್ಟು ಕೋಟಾ, ಯಾವ ಆಧಾರದ ಮೇಲೆ ಎಂಬುದು ಮೊದಲೇ ಪ್ರಕಟವಾಗುತ್ತಿದ್ದರೆ ಕದ್ದು ಸೋರಿದ ಕಡತಗಳಿಗೆ ಕಾಯಬೇಕಿರಲಿಲ್ಲ.

ತೆರೆದಿಟ್ಟವರು

ಕೆಲವು ದೇಶಗಳು ತಾವಾಗಿಯೇ ಕದ ತೆರೆದಿವೆ. 2017ರಲ್ಲಿ ಇಂಡೋನೇಷ್ಯಾ ತನ್ನ ದೊಡ್ಡ ಮೀನುಗಾರಿಕಾ ಹಡಗುಗಳು ಎಲ್ಲಿವೆ ಎಂಬ ಸರ್ಕಾರಿ ನಿಗಾ ವ್ಯವಸ್ಥೆಯ ಮಾಹಿತಿಯನ್ನು ಸಾರ್ವಜನಿಕ ನಕ್ಷೆಗೆ ಕೊಟ್ಟಿತು. ಹಾಗೆ ಮಾಡಿದ ಮೊದಲ ದೇಶ ಅದು. ಮೈಸೂರಿನ ನಗರ ಬಸ್‌ಗಳಿಗೆ ‘ಮಿತ್ರ’ ಯೋಜನೆಯಲ್ಲಿ ಜಿಪಿಎಸ್ ಹಾಕಿ, ಬಸ್ಸು ಎಲ್ಲಿದೆ ಎಂದು ನಿಲ್ದಾಣದ ಬೋರ್ಡಿನಲ್ಲಿ ತೋರಿಸಿದ್ದು ನೆನಪಿದೆಯಲ್ಲ, ತತ್ವ ಅದೇ. ಡಿಪೋದಲ್ಲಿ ಮಾತ್ರ ಗೊತ್ತಿದ್ದದ್ದು ಕಾಯುತ್ತ ನಿಂತವನಿಗೂ ಗೊತ್ತಾಯಿತು. ನಿಷೇಧಿತ ಜಾಗದಲ್ಲಿ ಹಡಗು ಗಂಟೆಗಟ್ಟಲೆ ಸುತ್ತುತ್ತಿದ್ದರೆ ಅಧಿಕಾರಿಯ ಜೊತೆಗೆ ಪತ್ರಕರ್ತನೂ ಮೀನುಗಾರರ ಸಂಘದವನೂ ಅದನ್ನು ನೋಡಬಲ್ಲ.

ಸೆನೆಗಲ್‌ನಲ್ಲಿ 2024ರಲ್ಲಿ ಹೊಸ ಸರ್ಕಾರ ಬಂದ ಕೆಲವೇ ವಾರಗಳಲ್ಲಿ ತನ್ನ ನೀರಿನಲ್ಲಿ ಮೀನು ಹಿಡಿಯಲು ಪರವಾನಗಿ ಪಡೆದ ಹಡಗುಗಳ ಪಟ್ಟಿಯನ್ನು ಪ್ರಕಟಿಸಿತು. ಬರೀ ಒಂದು ಪಟ್ಟಿ. ಆದರೆ ಅದಕ್ಕಾಗಿ ಅಲ್ಲಿನ ಮೀನುಗಾರರು ವರ್ಷಗಟ್ಟಲೆ ಕೇಳಿಕೊಂಡಿದ್ದರು. ಪಟ್ಟಿ ಕೈಯಲ್ಲಿದ್ದರೆ ಸಮುದ್ರದಲ್ಲಿ ಕಂಡ ಹಡಗಿನ ಹೆಸರು ಅದರಲ್ಲಿದೆಯೇ ಎಂದು ನಾಡದೋಣಿಯವನೂ ನೋಡಿ ದೂರು ಕೊಡಬಹುದು. ಪಡಿತರ ಅಂಗಡಿಯ ಗೋಡೆಯ ಮೇಲೆ ದಾಸ್ತಾನಿನ ಬೋರ್ಡು ಬಂದಾಗ ನಮ್ಮಲ್ಲಿ ಆದ ಬದಲಾವಣೆ ಇಂಥದ್ದೇ.

ಈ ಎಲ್ಲವನ್ನೂ ಒಂದು ಕ್ರಮಕ್ಕೆ ತರುವ ಯತ್ನವೇ ‘ಫಿಶರೀಸ್ ಟ್ರಾನ್ಸ್‌ಪರೆನ್ಸಿ ಇನಿಶಿಯೇಟಿವ್’, ಚಿಕ್ಕದಾಗಿ ‘ಫಿಟಿ’. 2015ರಲ್ಲಿ ಮಾರಿಟೇನಿಯಾದಲ್ಲಿ ಇದರ ಮಾತು ಆರಂಭವಾಯಿತು. 2017ರಲ್ಲಿ ಇಂಡೋನೇಷ್ಯಾದ ಬಾಲಿಯಲ್ಲಿ ಇದರ ಮಾನದಂಡ ಹೊರಬಂತು. ಸೇರುವ ದೇಶ 12 ವಿಷಯಗಳ ಮಾಹಿತಿಯನ್ನು ಪ್ರಕಟಿಸಲು ಒಪ್ಪಬೇಕು. ಕಾನೂನುಗಳು, ಹಿಡಿಯುವ ಹಕ್ಕು ಯಾರಿಗೆ ಎಂಬ ನಿಯಮ, ವಿದೇಶಿ ಹಡಗುಗಳೊಂದಿಗಿನ ಒಪ್ಪಂದ, ಮೀನಿನ ಸ್ಥಿತಿ, ದೊಡ್ಡ ಹಡಗುಗಳು, ಸಣ್ಣ ಮೀನುಗಾರರು, ಮಾರಾಟ, ದಂಡ ಹಾಕಿದ ಪ್ರಕರಣಗಳು, ಕೂಲಿಕಾರರ ಪರಿಸ್ಥಿತಿ, ಸಬ್ಸಿಡಿ, ವಿದೇಶಿ ನೆರವು, ನಿಜವಾದ ಮಾಲೀಕರು ಯಾರೆಂಬುದು, ಇಷ್ಟು. ಸರ್ಕಾರ, ಕಂಪನಿಗಳು, ನಾಗರಿಕ ಸಂಘಟನೆಗಳು ಸಮಪಾಲಿನಲ್ಲಿ ಕೂರುವ ಒಂದು ಗುಂಪು ವರದಿ ತಯಾರಿಸುತ್ತದೆ. ಸೆಶೆಲ್ಸ್ ದ್ವೀಪದೇಶ ಮತ್ತು ಮಾರಿಟೇನಿಯಾ ತಮ್ಮ ಮೊದಲ ವರದಿಗಳನ್ನು 2021ರಲ್ಲಿ ಹೊರತಂದವು.

ಈ ಮಾನದಂಡದಲ್ಲಿ ನನಗೆ ಬಹಳ ಹಿಡಿಸಿದ ಒಂದು ಅಂಶವಿದೆ. ಮೊದಲ ದಿನವೇ ಎಲ್ಲ ಅಂಕಿಯೂ ಇರಬೇಕು ಎಂದು ಅದು ಕೇಳುವುದಿಲ್ಲ. ಬಡ ದೇಶಗಳಲ್ಲಿ ಲೆಕ್ಕ ಮಾಡಲು ಜನರಿಲ್ಲ, ಹಣವಿಲ್ಲ. ಆದರೆ ಯಾವ ಅಂಕಿ ಇಲ್ಲವೋ ಅದು ಇಲ್ಲ ಎಂಬುದನ್ನು ಕೂಡ ಸಾರ್ವಜನಿಕವಾಗಿ ಬರೆಯಬೇಕು ಎನ್ನುತ್ತದೆ. ಖಾಲಿ ಕಾಲಂ ಎಲ್ಲರಿಗೂ ಕಾಣುವಂತಿದ್ದರೆ, ಮುಂದಿನ ವರ್ಷ ಅದನ್ನು ತುಂಬಿಸುವ ಒತ್ತಡ ತಾನಾಗಿ ಬರುತ್ತದೆ.

ಬೇನಾಮಿ ಹಡಗು

12 ವಿಷಯಗಳಲ್ಲಿ ಕೊನೆಯದು ಪರದೇಶದವರಿಗೆ ವಿವರಿಸಲು ಕಷ್ಟ, ನಮಗೆ ಒಂದೇ ಪದ ಸಾಕು: ಬೇನಾಮಿ. ಕಾಗದದ ಮೇಲೆ ಹಡಗು ಸ್ಥಳೀಯ ಕಂಪನಿಯದ್ದು. ಲಾಭ ಹೋಗುವುದು ಸಾವಿರಾರು ಮೈಲಿ ದೂರದ ಇನ್ನಾರಿಗೋ. ಘಾನಾದಲ್ಲಿ ವಿದೇಶಿ ಮಾಲೀಕರು ಕಡಲಡಿಯನ್ನು ಬಾಚುವ ದೊಡ್ಡ ಟ್ರಾಲರ್ ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನಿದ್ದೂ, ಸ್ಥಳೀಯ ಕಂಪನಿಗಳನ್ನು ಮುಂದಿಟ್ಟುಕೊಂಡು ಅದು ನಡೆಯುತ್ತಿದೆ ಎಂಬ ದೂರು ಬಹುಕಾಲದಿಂದ ಇದೆ. ಒಬ್ಬನ ಹೆಸರಿನಲ್ಲಿ ಜಮೀನು, ಉಳುವವನು ಇನ್ನೊಬ್ಬ, ಫಸಲು ಮೂರನೆಯವನ ಮನೆಗೆ ಹೋಗುವುದನ್ನು ನೋಡಿರುವ ನಮಗೆ ಇದರ ಮರ್ಮ ಬೇಗ ತಿಳಿಯುತ್ತದೆ. ದಂಡ ಹಾಕಿದರೆ ಹೆಸರಿಗಿದ್ದ ಕಂಪನಿ ಬಾಗಿಲು ಮುಚ್ಚುತ್ತದೆ, ಹಡಗು ಹೊಸ ಹೆಸರು ಬಳಿದುಕೊಂಡು ಮತ್ತೆ ಬರುತ್ತದೆ. ಆದ್ದರಿಂದ ಪರವಾನಗಿಯ ಪಟ್ಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಕೊನೆಗೆ ಲಾಭ ಪಡೆಯುವ ವ್ಯಕ್ತಿಯ ಹೆಸರೂ ಇರಬೇಕು ಎಂಬ ಬೇಡಿಕೆ.

ಮಂಗಳೂರಿನ ದಕ್ಕೆಯಿಂದ ನಮ್ಮ ತಟ್ಟೆಗೆ

ಮೈಸೂರು, ಮಂಡ್ಯದ ಅಂಗಡಿಗಳಿಗೆ ಬರುವ ಬಂಗುಡೆ, ಬೂತಾಯಿ ಹೆಚ್ಚಾಗಿ ಕರಾವಳಿಯಿಂದ ಐಸ್ ತುಂಬಿದ ಲಾರಿಗಳಲ್ಲಿ ರಾತ್ರೋರಾತ್ರಿ ಘಾಟಿ ಹತ್ತಿ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನಗಳ ನಿಷೇಧ. ಮೀನು ಮರಿ ಮಾಡುವ ಕಾಲ ಎಂಬುದು ಅದರ ಹಿಂದಿನ ಲೆಕ್ಕ. ಆ ಎರಡು ತಿಂಗಳು ನಮ್ಮಲ್ಲಿ ಸಮುದ್ರ ಮೀನಿನ ರೇಟು ಏಕೆ ಏರುತ್ತದೆ ಎಂಬುದಕ್ಕೆ ಉತ್ತರವೂ ಅದೇ. ಹೀಗೆ ಅಲ್ಲಿನ ನಿಯಮ ಇಲ್ಲಿನ ಅಡುಗೆಮನೆಯನ್ನು ಮುಟ್ಟುತ್ತದೆ.

ಅಧಿಕಾರ ಇಬ್ಬರ ನಡುವೆ ಹಂಚಿದೆ. ದಡದಿಂದ 12 ನಾಟಿಕಲ್ ಮೈಲಿ, ಸುಮಾರು 22 ಕಿಲೋಮೀಟರ್‌ವರೆಗೆ ರಾಜ್ಯದ್ದು, ಅದಕ್ಕೆ ಕರ್ನಾಟಕದಲ್ಲಿ 1986ರ ಕಾಯ್ದೆಯಿದೆ. ಅದರಾಚೆ ಕೇಂದ್ರದ್ದು. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಚೆಯ ವಲಯಕ್ಕೆ ಹೊಸ ನಿಯಮ ತಂದಿತು. ಯಾಂತ್ರಿಕ ದೋಣಿಗಳೂ ದೊಡ್ಡ ಮೋಟಾರು ದೋಣಿಗಳೂ ‘ರಿಯಲ್‌ಕ್ರಾಫ್ಟ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರವೇಶ ಪಾಸು ಪಡೆಯಬೇಕು. ಸಾಂಪ್ರದಾಯಿಕ ಸಣ್ಣ ದೋಣಿಗಳಿಗೆ ವಿನಾಯಿತಿ. ಸಹಕಾರ ಸಂಘಗಳಿಗೆ ಆದ್ಯತೆ. ವಿದೇಶಿ ಹಡಗುಗಳಿಗೆ ಪ್ರವೇಶವಿಲ್ಲ. ಅನುಮತಿ ಕಂಪ್ಯೂಟರಿನಲ್ಲಿ ದಾಖಲಾಗುವುದು ಮೊದಲ ಮೆಟ್ಟಿಲು. ಆ ದಾಖಲೆಯನ್ನು ಮಲ್ಪೆಯ ಮೀನುಗಾರನೂ ಮಂಡ್ಯದ ಗ್ರಾಹಕನೂ ತೆರೆದು ನೋಡುವ ಹಾಗಾಗುವುದು ಎರಡನೆಯದು. ಡಿಜಿಟಲ್ ಆದ ಮಾತ್ರಕ್ಕೆ ಪಾರದರ್ಶಕ ಆಗುವುದಿಲ್ಲ, ಬೀರುವಿಗೆ ಬೀಗ ಹಾಕುವ ಹಾಗೆ ಕಂಪ್ಯೂಟರಿಗೂ ಪಾಸ್‌ವರ್ಡ್ ಹಾಕಬಹುದು.

ದಡಕ್ಕೆ ಎಷ್ಟು ಮೀನು ಬಂತು ಎಂದು ಅಂದಾಜಿಸುವುದು ಕೊಚ್ಚಿಯಲ್ಲಿರುವ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ. ವಿಧಾನ ನಮ್ಮ ಬೆಳೆ ವಿಮೆಯ ಕಟಾವು ಪ್ರಯೋಗದಂತೆಯೇ. ಪ್ರತಿ ಗದ್ದೆಯನ್ನೂ ಕೊಯ್ದು ತೂಗಲಾಗದು, ಆಯ್ದ ಗದ್ದೆಯಲ್ಲಿ ಇಷ್ಟು ಅಡಿ ಕೊಯ್ದು ಹೋಬಳಿಗೆ ಲೆಕ್ಕ ಹಾಕುತ್ತಾರೆ. ಇಲ್ಲಿಯೂ ಆಯ್ದ ಬಂದರು, ಆಯ್ದ ದಿನ, ಆಯ್ದ ದೋಣಿಗಳ ಮೀನನ್ನು ನೋಡಿ ಇಡೀ ಕರಾವಳಿಗೆ ಗುಣಿಸುತ್ತಾರೆ. ಈ ಸಂಸ್ಥೆ ವರ್ಷವರ್ಷವೂ ಅಂದಾಜನ್ನು ಪ್ರಕಟಿಸುತ್ತದೆ. ಮೀನಿನ ‘ಹೊರಹರಿವು’ ನಮ್ಮ ದೇಶದಲ್ಲಿ ಹೀಗೆ ಕೆಲಮಟ್ಟಿಗೆ ಹೊರಗಿದೆ.

ಸಬ್ಸಿಡಿಯ ಕಡೆ ಬಂದರೆ, 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಗೆ ಐದು ವರ್ಷಕ್ಕೆಂದು ಇಟ್ಟ ಮೊತ್ತ 20,050 ಕೋಟಿ ರೂಪಾಯಿ. ಘಟಕ ವೆಚ್ಚದಲ್ಲಿ ಸಾಮಾನ್ಯ ವರ್ಗದವರಿಗೆ ಶೇ 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ 60ರವರೆಗೆ ನೆರವು. ಕರಾವಳಿಯಲ್ಲಿ ಕರರಹಿತ ಡೀಸೆಲ್ ಕೂಡ ಇದೆ. ಇದು ಯಾರಿಗೆ ತಲುಪಿತು ಎಂಬ ಪಟ್ಟಿಯ ಮಹತ್ವ ಹಣದ ಸೋರಿಕೆಯೊಂದಕ್ಕೇ ಸೀಮಿತವಲ್ಲ. ಇಂಧನ ಅಗ್ಗವಾದರೆ ದೋಣಿ ಇನ್ನೂ ದೂರ ಹೋಗುತ್ತದೆ, ಇನ್ನೂ ಹೆಚ್ಚು ಹಿಡಿಯುತ್ತದೆ. ಸಬ್ಸಿಡಿ ಎಲ್ಲಿ ಎಷ್ಟು ಎಂದು ಗೊತ್ತಿಲ್ಲದೆ ಮೀನಿನ ಮೇಲಿನ ಒತ್ತಡ ಎಷ್ಟು ಎಂದು ಹೇಳಲಾಗದು. 2022ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಮೀನುಗಾರಿಕೆ ಸಬ್ಸಿಡಿಗಳ ಮೇಲೆ ಒಪ್ಪಂದವನ್ನೇ ತಂದದ್ದು ಈ ಕಾರಣಕ್ಕೆ.

ನಮ್ಮೂರ ಕೆರೆಯಲ್ಲಿ ಇದೇ ಪ್ರಶ್ನೆ

ಒಳನಾಡಿನಲ್ಲಿ ಹಡಗಿಲ್ಲ, ತೆಪ್ಪವಿದೆ. ಕೋಟಾ ಇಲ್ಲ, ಗುತ್ತಿಗೆಯಿದೆ. ಕೆಲವು ಕೆರೆ ಮೀನುಗಾರಿಕೆ ಇಲಾಖೆಯ ಸುಪರ್ದಿಯಲ್ಲಿರುತ್ತವೆ, ಸಣ್ಣವು ಹೆಚ್ಚಾಗಿ ಗ್ರಾಮ ಪಂಚಾಯಿತಿಯದ್ದು. ಮೀನುಗಾರರ ಸಹಕಾರ ಸಂಘಕ್ಕೆ ಗುತ್ತಿಗೆ ಕೊಡುವುದುಂಟು, ಟೆಂಡರ್ ಅಥವಾ ಹರಾಜಿನಲ್ಲಿ ಕೊಡುವುದೂ ಉಂಟು. ಗುತ್ತಿಗೆ ಹಿಡಿದವರು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿ ಬಿಟ್ಟು ಬೆಳೆಸಿ ಹಿಡಿಯುತ್ತಾರೆ.

ಒಂದು ಕೆರೆಗೆ ಎಷ್ಟು ಜನರ ಸಂಬಂಧವಿದೆ ನೋಡಿ. ಅಚ್ಚುಕಟ್ಟಿನ ರೈತನಿಗೆ ತೂಬು ಎತ್ತಿ ನೀರು ಬೇಕು. ಗುತ್ತಿಗೆದಾರನಿಗೆ ಮೀನು ಬಲಿಯುವವರೆಗೆ ನೀರು ಇಳಿಯಬಾರದು. ತಲೆಮಾರುಗಳಿಂದ ಬಲೆ ಬೀಸಿಕೊಂಡು ಬಂದ ಬೆಸ್ತರ ಮನೆಗಳಿಗೆ ಅದೇ ಕಸುಬು. ದನ ಮೈತೊಳೆಯುವವರು, ಬಟ್ಟೆ ಒಗೆಯುವವರು ಬೇರೆ. ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳೂ ತಮ್ಮ ಮರಿಗೆ ಮೀನು ತರುವುದು ಸುತ್ತಲಿನ ಕೆರೆ, ಹೊಳೆಗಳಿಂದಲೇ. ಗುತ್ತಿಗೆಯ ಷರತ್ತು ಏನೆಂದು ಗೊತ್ತಿದ್ದರೆ ಜಗಳ ಷರತ್ತಿನ ಮೇಲೆ ನಡೆಯುತ್ತದೆ. ಗೊತ್ತಿಲ್ಲದಿದ್ದರೆ ಜಾತಿಯ ಮೇಲೆ, ಪಾರ್ಟಿಯ ಮೇಲೆ ನಡೆಯುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಾನೂನು ಇಲ್ಲಿ ನಮ್ಮ ಕಡೆಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಂ, ಪ್ರತಿ ಸರ್ಕಾರಿ ಕಚೇರಿ ಯಾರೂ ಕೇಳದೆಯೇ ಪ್ರಕಟಿಸಬೇಕಾದ 17 ವಿಷಯಗಳನ್ನು ಹೇಳುತ್ತದೆ. ಅದರಲ್ಲಿ 12ನೆಯದು ಸಬ್ಸಿಡಿ ಯೋಜನೆಗಳ ಮೊತ್ತ ಮತ್ತು ಫಲಾನುಭವಿಗಳ ವಿವರ. 13ನೆಯದು ರಿಯಾಯಿತಿ, ಪರವಾನಗಿ, ಅನುಮತಿ ಪಡೆದವರ ವಿವರ. ಸೆನೆಗಲ್ ಮೀನುಗಾರರು ವರ್ಷಗಟ್ಟಲೆ ಕೇಳಿದ ಪಟ್ಟಿ ನಮ್ಮ ಕಾನೂನಿನಲ್ಲಿ ಇಪ್ಪತ್ತು ವರ್ಷಗಳಿಂದ ಬರೆದೇ ಇದೆ.

ಪಂಚಾಯಿತಿ ಕೆರೆಯಾದರೆ ಇನ್ನೊಂದು ದಾರಿಯಿದೆ, ಜಮಾಬಂದಿ. ವರ್ಷಕ್ಕೊಮ್ಮೆ ಪಂಚಾಯಿತಿಯ ಲೆಕ್ಕಪತ್ರಗಳನ್ನು ಜನರ ಮುಂದೆ ಇಟ್ಟು ಪರಿಶೀಲಿಸುವ ಕ್ರಮ ಇದು. ಕೆರೆ ಮೀನಿನಿಂದ ಬಂದ ಹಣ ಪಂಚಾಯಿತಿಯ ಆದಾಯವಾದ್ದರಿಂದ ಅದು ಆ ಪುಸ್ತಕದಲ್ಲಿ ಇರಲೇಬೇಕು. ಬಹಳ ಕಡೆ ಜಮಾಬಂದಿಗೆ ಹತ್ತಿಪ್ಪತ್ತು ಜನ ಬಂದು ಸಹಿ ಹಾಕಿ ಕಾಫಿ ಕುಡಿದು ಹೋಗುತ್ತಾರೆ. ಹೋದಾಗ ಆ ಒಂದು ಸಾಲನ್ನು ಹುಡುಕಿ ನೋಡಲು ಐದು ನಿಮಿಷ ಸಾಕು.

ತೆರೆದಿಟ್ಟರೂ ಸಾಲದು ಎನ್ನುವ ಕಡೆ

ಮಾಹಿತಿ ಹೊರಬಂದ ಮಾತ್ರಕ್ಕೆ ಮೀನು ಹೆಚ್ಚುವುದಿಲ್ಲ. ಎರಡು ವರ್ಷ ಹಳೆಯ ಅಂಕಿ, ಅದೂ ಇಂಗ್ಲಿಷಿನಲ್ಲಿ, ಸ್ಕ್ಯಾನ್ ಮಾಡಿದ ನೂರು ಪುಟಗಳ ನಡುವೆ ಸಿಕ್ಕರೆ ಬೆಸ್ತರ ಮನೆಯವನಿಗೆ ಏನೂ ಆಗದು. ನೋಡಿದವರು ಕೇಳಬೇಕು, ಕೇಳಿದವರಿಗೆ ಉತ್ತರ ಕೊಡಬೇಕಾದವನೊಬ್ಬ ಇರಬೇಕು. ಇನ್ನು ಎಲ್ಲವನ್ನೂ ಬಯಲಿಗಿಡುವುದೂ ಸರಿಯಲ್ಲ. ಸಣ್ಣ ಮೀನುಗಾರ ತನಗೆ ಮೀನು ಸಿಗುವ ಜಾಗವನ್ನು ಅಪ್ಪನಿಂದ ಕಲಿತಿರುತ್ತಾನೆ. ಅದನ್ನು ನಕ್ಷೆಗೆ ಹಾಕಿದರೆ ನಾಳೆಯೇ ದೊಡ್ಡ ದೋಣಿ ಬಂದು ಬಾಚುತ್ತದೆ. ನಮ್ಮ ಕಾವೇರಿಯಲ್ಲೇ ಕಿತ್ತಳೆ ರೆಕ್ಕೆಯ ಮಹಸೀರ್ ಇದೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರುವ ಮೀನು ಅದು. ಅದು ಮೊಟ್ಟೆಯಿಡುವ ಮಡುಗಳ ವಿಳಾಸ ಊರಿಗೆಲ್ಲ ತಿಳಿಯದಿರುವುದೇ ಒಳ್ಳೆಯದು. ಅಧಿಕಾರ ಮತ್ತು ಹಣದ ಲೆಕ್ಕ ಹೊರಗಿರಲಿ, ಬಡವನ ಜಾಗ ಮತ್ತು ಬಸಿರು ಮೀನಿನ ಜಾಗ ಒಳಗಿರಲಿ ಎಂಬ ವಿವೇಚನೆ ಬೇಕಾಗುತ್ತದೆ.

ಕೇಳುವುದು ಹೇಗೆ?

ಮಾಹಿತಿ ಹಕ್ಕು ಕಾಯ್ದೆಯಡಿ ನಮೂನೆ ‘ಎ’ಯಲ್ಲಿ ಅರ್ಜಿ, 10 ರೂಪಾಯಿ ಶುಲ್ಕ. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಪಂಚಾಯಿತಿ ಕೆರೆಯಾದರೆ ಪಂಚಾಯಿತಿಗೆ, ಇಲಾಖೆಯ ಕೆರೆಯಾದರೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ, ‘ಸಾರ್ವಜನಿಕ ಮಾಹಿತಿ ಅಧಿಕಾರಿ’ಯ ಹೆಸರಿಗೆ ಕೊಡಬೇಕು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಅರೆಬರೆ ಬಂದರೆ ಮುಂದಿನ 30 ದಿನದೊಳಗೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅದಾದ ಮೇಲೆ ಕರ್ನಾಟಕ ಮಾಹಿತಿ ಆಯೋಗ.

‘ಕೆರೆ ವಿಷಯ ತಿಳಿಸಿ’ ಎಂದು ಬರೆದರೆ ಉತ್ತರವೂ ಹಾಗೆಯೇ ಬರುತ್ತದೆ. ದಾಖಲೆಯ ಹೆಸರು ಹಿಡಿದು ಕೇಳಬೇಕು. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ನಾವು ನಾಲ್ವರು ಸೇರಿ ಬರೆದ ಅರ್ಜಿಯಲ್ಲಿ ಇದ್ದದ್ದು ಇಷ್ಟು: ಕೆರೆ ಮೀನು ಹರಾಜಿನ ಪ್ರಕಟಣೆಯ ಪ್ರತಿ ಮತ್ತು ಅದನ್ನು ಅಂಟಿಸಿದ ದಿನಾಂಕ, ಭಾಗವಹಿಸಿದವರ ಹಾಗೂ ಅವರು ಕೂಗಿದ ಮೊತ್ತದ ನಡಾವಳಿ, ಗುತ್ತಿಗೆ ಕರಾರು ಪತ್ರದ ಪ್ರತಿ, ಹಣ ಜಮೆಯಾದ ರಸೀದಿ, ಬಿಟ್ಟ ಮೀನುಮರಿಯ ಸಂಖ್ಯೆ. ಪಂಚಾಯಿತಿಯಲ್ಲಿ ಸೀಲು ಹಾಕಿ ಸ್ವೀಕೃತಿ ಕೊಟ್ಟಿದ್ದಾರೆ. ಇಂದಿಗೆ ಹನ್ನೊಂದು ದಿನ.